ಮಸ್ಕಿ ಬಂಡೆಗಲ್ಲು, ಮನಿ ಕಂಪ್ಯೂಟರ್

ಅಕ್ಕಾರೆ, ಮಸ್ಕಿ ನಮ್ಮ ರಾಯಚೂರು ಜಿಲ್ಲಾದಾಗೇ ಅದ. 1915ರಾಗ ಬಂಗಾರದ ಗಣಿ ಎಂಜಿನಿಯರ್ ಬೀಡನ್ ಅಲ್ಲಿ ಒಂದು ಶಾಸನ ಕಂಡ. ಅದುವರಿಗೂ ಸಿಕ್ಕ ಶಾಸನದಾಗ ಬರೇ ‘ದೇವಾನಾಂಪ್ರಿಯ’ದಂಥ ಬಿರುದು ಇತ್ತು. ಮಸ್ಕಿಯಾಗ ‘ಅಶೋಕ’ ಅನ್ನೋ ಹೆಸರೇ ಸಿಕ್ತು. ಆದ್ರ ಕಲ್ಲು ಸವದು ಎಷ್ಟೋ ಅಕ್ಷರ ಹೋಗಿದ್ವು. ಅಶೋಕ ಹೆಚ್ಚು ಕಮ್ಮಿ ಅದೇ ಮಾತನ್ನ ಚಿತ್ರದುರ್ಗ ಜಿಲ್ಲಾದ ಬ್ರಹ್ಮಗಿರಿಯಾಗ, ದೂರದ ರೂಪನಾಥದಾಗ, ನಮ್ಮ ಕೊಪ್ಪಳದ ಗವಿಮಠದ ಗುಡ್ಡದಾಗೂ ಕೆತ್ತಿಸಿದ್ದ. ಅಂಥ ಪ್ರತಿ ಪಕ್ಕಕ್ಕಿಟ್ಟು ಪಂಡಿತರು ಮಸ್ಕಿದು ಹೊಂದಿಸಿ ಓದಿದ್ರು. ಒಂದು ಕಡಿ ಅಳಿಸಿದ್ದು ಇನ್ನೊಂದು ಕಡಿ ಉಳದಿತ್ತು.

2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಬೆಂಬಲ ಮುಗೀತು. ಕಂಪ್ಯೂಟರ್ ಪೂರ್ತಿ ಅಳಿಸಿ ಹೊಸದು ಹಾಕಸೋರು ಇದ್ರ, ಈ ಮಾತು ನೆನಪಿಡ್ರಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಫೋಟೋ ಎಲ್ಲಾ ಸಾಮಾನ್ಯವಾಗಿ ಸಿ ಡ್ರೈವಿನಾಗೇ ಇರ್ತಾವ, ಅದೇ ಮೊದಲು ಅಳಿಸ್ತದ. ಡಿ ಡ್ರೈವಿಗೆ ಹಾಕಿದ್ರ ಸಾಕಾಗಂಗಿಲ್ಲ. ಬಾಳ ಕಂಪ್ಯೂಟರಿನಾಗ ಅದೂ ಅದೇ ಡಿಸ್ಕಿನ ಪಾಲು, ಒಂದೇ ಕಲ್ಲಿನ ಮ್ಯಾಲ ಎರಡು ಸಲ ಕೆತ್ತಿದಂಗ. ಬ್ಯಾರೆ ಹಾರ್ಡ್ ಡಿಸ್ಕಿಗೊಂದು ನಕಲು ಹಾಕ್ರಿ, ಪೆನ್‌ಡ್ರೈವಿಗೊಂದು ಹಾಕಿ ತಂಗಿ ಮನ್ಯಾಗಿಡ್ರಿ. ಇನ್ನೊಂದು ಕಂಪ್ಯೂಟರಿನಾಗ ನಾಕು ಫೋಟೋ ತೆಗದು ನೋಡ್ರಿ. ಆಮ್ಯಾಲೇ ಅಳಸಾಕ ಹ್ಞೂಂ ಅನ್ರಿ.