ಲಾಲ್ ಮತ್ತು ಯಾಕೂತ್

ಬ್ರಿಟಿಷ್ ಅರಸರ ಕಿರೀಟದ ಮುಂಭಾಗದಲ್ಲಿ ಭಾರಿ ಗಾತ್ರದ ಕೆಂಪು ಹರಳೊಂದಿದೆ. 1367ರಲ್ಲಿ ಕ್ಯಾಸ್ಟೀಲಿನ ದೊರೆ ಪೆಡ್ರೊನಿಂದ ಇಂಗ್ಲೆಂಡಿನ ಯುವರಾಜ ಎಡ್ವರ್ಡನಿಗೆ ಸಂದಿತೆಂಬ ಪ್ರತೀತಿಯುಳ್ಳ ಆ ಹರಳನ್ನು ‘ಕಪ್ಪು ರಾಜಕುಮಾರನ ಮಾಣಿಕ್ಯ’ವೆಂದು ಕರೆಯುತ್ತಾರೆ. ವಾಸ್ತವದಲ್ಲಿ ಅದು ಸ್ಪಿನೆಲ್. ಇಂಗ್ಲಿಷಿನ ಜನಪ್ರಿಯ ಬರಹಗಳು ಇಂತಹ ಹರಳುಗಳನ್ನು ವೇಷಧಾರಿಗಳೆಂದು ಬಣ್ಣಿಸುತ್ತವೆ. ವೇಷ ತೊಡಿಸಿದವರು ಯಾರೆಂಬ ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ.

ಎರಡಕ್ಕೂ ಕೆಂಪು ಬಣ್ಣ ಬರುವುದು ಕ್ರೋಮಿಯಂನಿಂದ. ಬರ್ಮಾದ ಮೊಗೋಕ್‌ನಲ್ಲಿ ಎರಡೂ ಜೊತೆಯಾಗಿಯೇ ದೊರೆಯುತ್ತವೆ. ಹೀಗಾಗಿ ಕಣ್ಣು ಮೋಸಹೋಗುವುದು ಸಹಜ. ಆದರೆ ಮಾಣಿಕ್ಯವು ಅಲ್ಯೂಮಿನಿಯಂ ಆಕ್ಸೈಡ್. ಸ್ಪಿನೆಲ್‌ನಲ್ಲಿ ಮೆಗ್ನೀಷಿಯಮ್ಮೂ ಸೇರಿದೆ. ಮೋಸ್ ಮಾನದಲ್ಲಿ ಮಾಣಿಕ್ಯದ ಕಾಠಿಣ್ಯ 9, ಸ್ಪಿನೆಲ್‌ನದು 8. ಮೊದಲನೆಯದು ಎರಡನೆಯದನ್ನು ಗೀಚಬಲ್ಲದು. ಮಾಣಿಕ್ಯದೊಳಗೆ ಹೊಕ್ಕ ಬೆಳಕು ಎರಡಾಗಿ ಸೀಳುತ್ತದೆ, ಆದ್ದರಿಂದ ನೋಡುವ ದಿಕ್ಕು ಬದಲಾದರೆ ಕೆಂಪಿನ ಛಾಯೆಯೂ ಬದಲಾಗುತ್ತದೆ. ಸ್ಪಿನೆಲ್‌ನಲ್ಲಿ ಬೆಳಕು ಸೀಳುವುದಿಲ್ಲ. ಎತ್ತ ತಿರುಗಿಸಿದರೂ ಒಂದೇ ಕೆಂಪು. ಸಾಪೇಕ್ಷ ಸಾಂದ್ರತೆ ಮಾಣಿಕ್ಯಕ್ಕೆ ಸುಮಾರು 4.0, ಸ್ಪಿನೆಲ್‌ಗೆ 3.6.

ಈ ಕೊನೆಯ ಅಂತರವನ್ನು 11ನೇ ಶತಮಾನದಲ್ಲೇ ಅಳೆದವನು ಅಲ್‌ಬಿರೂನಿ. ಭಾರತದ ಕುರಿತು ಬರೆದ ಅದೇ ಬಿರೂನಿ. ಹರಳುಗಳನ್ನು ನೀರಿನಲ್ಲಿ ಮುಳುಗಿಸಿ, ಹೊರಚೆಲ್ಲಿದ ನೀರನ್ನು ತೂಗಿ, ನೀಲಮಣಿಯ ಭಾರವನ್ನು 100 ಎಂದಿಟ್ಟುಕೊಂಡು, ಅಷ್ಟೇ ಗಾತ್ರದ ‘ಲಾಲ್’ ಸುಮಾರು 90 ತೂಗುತ್ತದೆಂದು ಕಂಡುಕೊಂಡ. ನೀಲಮಣಿಯೂ ಮಾಣಿಕ್ಯದ ಕುಲದ್ದೇ. 4.0ಕ್ಕೆ 3.6 ಎಂದರೂ 100ಕ್ಕೆ 90 ಎಂದರೂ ಒಂದೇ ಅಲ್ಲವೆ? ಯುರೋಪಿನಲ್ಲಿ ಈ ಎರಡು ಖನಿಜಗಳನ್ನು ರೋಮೆ ದ ಲಿಲ್ ಸ್ಪಷ್ಟವಾಗಿ ಬೇರ್ಪಡಿಸಿದ್ದು 1783ರಲ್ಲಿ.

ಪಾರಸಿ ಬಲ್ಲವರಿಗೆ ಯಾಕೂತ್ ಬೇರೆ, ಲಾಲ್ ಬೇರೆ. ಲಾಲ್ ಬರುತ್ತಿದ್ದುದು ಪಾಮಿರ್ ಸೀಮೆಯ ಬದಖ್ಶಾನದ ಗಣಿಗಳಿಂದ. ಅಕ್ಬರನ ಭಂಡಾರವನ್ನು ವರ್ಣಿಸುವ ‘ಐನ್-ಎ-ಅಕ್ಬರಿ’ ಇವೆರಡನ್ನೂ ಬೇರೆಬೇರೆಯಾಗಿಯೇ ಹೆಸರಿಸುತ್ತದೆ. ಮೊಗಲರಿಗೆ ಲಾಲ್ ಕೀಳಾಗಿರಲಿಲ್ಲ. ಬೃಹತ್ ಲಾಲ್‌ಗಳನ್ನು ಮೂಲಾಕಾರ ಕೆಡದಂತೆ ಬರಿದೆ ನಯಗೊಳಿಸಿ, ಅವುಗಳ ಮೇಲೆ ತಮ್ಮ ಹೆಸರನ್ನು ಕೊರೆಸುತ್ತಿದ್ದರು.

ಇಂಗ್ಲಿಷ್ ಭಾಷಾಂತರಗಳಲ್ಲಿ ಲಾಲ್ ಎಂಬುದು ‘ರೂಬಿ’ಯಾಯಿತು. ಅವನ್ನು ನೆಚ್ಚಿ ಮೊಗಲರ ಇತಿಹಾಸ ಓದುವ ನಾವೂ ಅದನ್ನು ಕಣ್ಣುಮುಚ್ಚಿ ‘ಮಾಣಿಕ್ಯ’ ಎನ್ನುತ್ತೇವೆ. ಹೀಗೆ ಮೂಲದಲ್ಲಿದ್ದ ವಿವೇಕ ನಮ್ಮ ಕೈಯಲ್ಲೇ ಅಳಿಸಿಹೋಗುತ್ತದೆ. ನಮ್ಮ ಅಜ್ಜಿಯಂದಿರು ‘ಕೆಂಪಿನ ಓಲೆ’ ಎನ್ನುತ್ತಿದ್ದುದು ಇದಕ್ಕಿಂತ ಪ್ರಾಮಾಣಿಕವಾದ ಮಾತು. ಬಣ್ಣವನ್ನಷ್ಟೇ ಹೇಳುವ ಆ ಹೆಸರು ಹರಳಿನ ಕುಲದ ಗೊಡವೆಗೇ ಹೋಗುವುದಿಲ್ಲ.

ಲಾಹೋರಿನ ಖಜಾನೆಯಿಂದ 1849ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ, ಮುಂದೆ ವಿಕ್ಟೋರಿಯಾ ರಾಣಿಯ ಕೈಸೇರಿದ ‘ತೈಮೂರ್ ಮಾಣಿಕ್ಯ’ದ ಕತೆಯೂ ಹೀಗೆಯೇ. ಅದರ ಮೇಲಿನ ಅತ್ಯಂತ ಹಳೆಯ ಬರಹ ಜಹಾಂಗೀರನದು, 1612ರದು. ಆಮೇಲೆ ಷಹಜಹಾನ್, ಔರಂಗಜೇಬ್, ಫರೂಕ್‌ಸಿಯರ್, ನಾದಿರ್‌ಷಾ, ಅಹ್ಮದ್‌ಷಾ ದುರಾನಿ ಎಲ್ಲರೂ ತಮ್ಮ ಹೆಸರು ಸೇರಿಸಿದರು. ತೈಮೂರನ ಹೆಸರು ಅಲ್ಲಿಲ್ಲ. ಕಲ್ಲು, ಹೇಳಬೇಕಾದದ್ದಿಲ್ಲ, ಲಾಲ್.