ಕಿತ್ತೂರ ವೀರರ ಮೇಲಂಗಿ: ಕಸೆಯೋ, ಗುಂಡಿಯೋ?

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಆ ದಿನದ ನೆನಪಿಗೆ ನಡೆಯುವ ಉತ್ಸವದ ಮೆರವಣಿಗೆಗಳಲ್ಲಿಯೂ ಶಾಲೆಗಳ ರಂಗವೇದಿಕೆಗಳಲ್ಲಿಯೂ ಕಿತ್ತೂರ ಸರದಾರರು ಬಹುಮಟ್ಟಿಗೆ ಒಂದೇ ಉಡುಪಿನಲ್ಲಿ ಕಾಣಿಸಿಕೊಳ್ಳುತ್ತಾರೆ: ಮಖಮಲ್ಲಿನ ನಿಲುವಂಗಿ, ಜರಿಯಂಚು, ಎತ್ತಿ ನಿಂತ ಕೊರಳಪಟ್ಟಿ, ಎದೆಯ ನಡುವೆ ಸಾಲು ಗುಂಡಿಗಳು. ಇದು ಶೇರವಾನಿಯ ಕತ್ತರಿಕೆ. ಶೇರವಾನಿಯಾದರೋ ಯುರೋಪಿಯನ್ನರ ಉದ್ದ ಕೋಟಿನ ಪ್ರಭಾವದಿಂದ 19ನೆಯ ಶತಮಾನದಲ್ಲಿ ರೂಪುಗೊಂಡ ಉಡುಪು. ಕಂಪನಿಯ ವಿರುದ್ಧ ಖಡ್ಗ ಹಿಡಿದವರಿಗೆ ಯುರೋಪಿಯನ್ನರ ಕೋಟಿನ ಪ್ರಭಾವದಿಂದ ಹುಟ್ಟಿದ ಅಂಗಿಯನ್ನೇ ತೊಡಿಸಲಾಗುತ್ತಿದೆ. ಲಿಪಿಕಾರನೊಬ್ಬನ ದೋಷ ಪ್ರತಿಯಿಂದ ಪ್ರತಿಗೆ ಸಾಗಿ ಕೊನೆಗೆ ಅದೇ ಮೂಲಪಾಠವೆನಿಸುವುದನ್ನು ಗ್ರಂಥಸಂಪಾದಕರು ಬಲ್ಲರು. ಇಲ್ಲಿ ನಾಟಕ ಕಂಪನಿಗಳ ಪೆಟ್ಟಿಗೆ, ಕ್ಯಾಲೆಂಡರ್ ಚಿತ್ರ ಹಾಗೂ ಚಲನಚಿತ್ರಗಳೇ ಲಿಪಿಕಾರರು.

ಹಾಗಾದರೆ ಮೂಲಪಾಠ ಯಾವುದು? ಮೊದಲು ಪದಗಳನ್ನು ನೋಡಬೇಕು. ಹೊಲಿದ ಉಡುಪು ಕನ್ನಡ ನಾಡಿಗೆ ಹೊರಗಿನಿಂದ ಬಂದದ್ದೆಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಅರ್ಧಸತ್ಯ. ‘ಕುಪ್ಪಸ’ವು ಸಂಸ್ಕೃತದ ಕೂರ್ಪಾಸದ ತದ್ಭವ, ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬನ ಹೆಸರೇ ಸೂಜಿಕಾಯಕದ ರಾಮಿತಂದೆ. ಹೊರಗಿನಿಂದ ಬಂದದ್ದು ಉದ್ದನೆಯ ಮೇಲಂಗಿ. ಅರಬ್ಬಿಯ ‘ಕಬಾ’ ಕನ್ನಡದಲ್ಲಿ ‘ಕಬಾಯಿ’ಯಾಯಿತು. ವಿಜಯನಗರದ ಅರಸರೂ ಗಣ್ಯರೂ ಕಬಾಯಿ ಕುಲ್ಲಾಯಿಗಳನ್ನು ತೊಟ್ಟು ಸಭೆಗೆ ಬರುತ್ತಿದ್ದುದನ್ನು ಫಿಲಿಪ್ ವ್ಯಾಗನರ್ 1996ರ ತಮ್ಮ ಪ್ರಬಂಧದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಕಿತ್ತೂರ ದೇಸಗತಿಯ ಮೂಲಪುರುಷರು ಬಿಜಾಪುರದ ಸೈನ್ಯದೊಡನೆ ಬಂದವರು. ರಾಮದುರ್ಗದ ಭಾವೆ ಮನೆತನ ಮರಾಠರ ಆಡಳಿತದ ನೆರಳಿನಲ್ಲಿ ಬೆಳೆದದ್ದು. ಆದ್ದರಿಂದ ಈ ಸೀಮೆಯ ದರಬಾರಿ ಉಡುಪನ್ನು ಬಿಜಾಪುರದ ಜಾಮಾ ಮತ್ತು ಪೇಶ್ವೆಯರ ಕಾಲದ ಅಂಗರಖಾಗಳ ಪರಂಪರೆಯಲ್ಲಿ ಅರಸುವುದು ಯುಕ್ತ.

ಈ ಪರಂಪರೆಯ ಮೇಲಂಗಿಗೆ ನಡುಗುಂಡಿಯಿಲ್ಲ. ಎದೆಯ ಒಂದು ಮಗ್ಗುಲು ಇನ್ನೊಂದರ ಮೇಲೆ ಬಂದು, ಕಂಕುಳ ಬಳಿ ಕಸೆಗಳಿಂದ ಬಿಗಿಯಲ್ಪಡುತ್ತದೆ. ಮೊಘಲ್ ಆಸ್ಥಾನದಲ್ಲಿ ಹಿಂದೂಗಳು ಎಡಕ್ಕೂ ಮುಸ್ಲಿಮರು ಬಲಕ್ಕೂ ಕಟ್ಟುತ್ತಿದ್ದರಾದ್ದರಿಂದ, ಚಿತ್ರದಲ್ಲಿರುವ ವ್ಯಕ್ತಿಯನ್ನು ಗುರುತಿಸಲು ಕಲಾ ಇತಿಹಾಸಕಾರರು ಈ ಗಂಟನ್ನೂ ಗಮನಿಸುತ್ತಾರೆ. ಕತ್ತರಿಕೆಯೂ ಬೇರೆ. ಕೈಮಗ್ಗದ ಬಟ್ಟೆಯ ಪನ್ನ ಕಿರಿದು. ನೇಯ್ದದ್ದನ್ನು ಚೂರು ಮಾಡಿ ಎಸೆಯುವ ಉದಾರತೆ ಯಾರಿಗೂ ಇರಲಿಲ್ಲ. ಎದೆ, ಬೆನ್ನು, ತೋಳುಗಳಿಗೆ ನೇರ ಪಟ್ಟಿಗಳು. ಘೇರಿಗೆ ಓರೆಯಾಗಿ ಕತ್ತರಿಸಿದ ಕಳಿಗಳು. ಕೈ ಎತ್ತಿದಾಗ ಅಂಗಿ ಹಿಡಿಯದಂತೆ ಕಂಕುಳಲ್ಲಿ ಒಂದು ಚೌಕ ತುಂಡು. ಇಂದಿನ ದರ್ಜಿಯ ಬಾಗಿದ ತೋಳುಸುತ್ತು ಅಲ್ಲಿಲ್ಲ. ಕತ್ತಿ ಬೀಸುವವನಿಗೆ ಆ ಚೌಕದ ಬೆಲೆ ತಿಳಿಯುತ್ತದೆ. ಶೇರವಾನಿ ತೊಟ್ಟ ನಟ ಖಡ್ಗವೆತ್ತಿದೊಡನೆ ಅಂಗಿಯ ಕೆಳಗಂಚೂ ಮೇಲಕ್ಕೇರುವುದನ್ನು ಪ್ರೇಕ್ಷಕರು ನೋಡಿಯೇ ಇರುತ್ತಾರೆ! ಹೊಲಿಗೆಯೆಲ್ಲ ಕೈಯದು. ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ, ಎಂದರೆ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿ ಇಪ್ಪತ್ತು ವರ್ಷಗಳಾದ ಮೇಲೆ.

ಈ ಕತ್ತರಿಕೆಯನ್ನು ಅರಸಲು ಲಂಡನ್ನಿನ ಸಂಗ್ರಹಾಲಯಗಳಿಗೆ ಹೋಗಬೇಕಾಗಿಲ್ಲ. ಉತ್ತರ ಕರ್ನಾಟಕದ ರೈತ ಮುದುಕರು ತೊಡುತ್ತಿದ್ದ ಕಸೆಯಂಗಿ, ಬಾರಾಬಂದಿಗಳು ಅದೇ ಕುಲದವು. ಹನ್ನೆರಡು ಕಸೆಗಳಿರುವುದರಿಂದ ‘ಬಾರಾಬಂದಿ’ ಎಂಬ ಹೆಸರು. ದೇಸಾಯಿಯ ಮೇಲಂಗಿಗೂ ಒಕ್ಕಲಿಗನ ಅಂಗಿಗೂ ಬಟ್ಟೆಯಲ್ಲಿ, ಉದ್ದದಲ್ಲಿ, ಘೇರಿನಲ್ಲಿ ಅಂತರವಿತ್ತೇ ಹೊರತು ಹೊಲಿಗೆಯ ವ್ಯಾಕರಣದಲ್ಲಿ ಅಷ್ಟಾಗಿ ಇರಲಿಲ್ಲ.

ಇನ್ನು ಯುದ್ಧದ ಉಡುಪು. ‘ದಗಲೆ’ ಎಂದರೆ ಹತ್ತಿ ತುಂಬಿ ಹೊಲಿದ ದಪ್ಪನೆಯ ಅಂಗಿ. ಮರಾಠಿಯ ‘ಡಗಲಾ’ ಇದರ ಬಂಧು. ಎರಡು ಪದರಗಳ ನಡುವೆ ಅರಳೆ ಹರಡಿ ಒತ್ತೊತ್ತಾಗಿ ದಾರ ಹಾಯಿಸಿದರೆ ಅದು ಚಳಿಗೆ ಹೊದಿಕೆ, ಕತ್ತಿಯ ಏಟಿಗೆ ಒಂದು ಮಟ್ಟಿನ ತಡೆ. ಬೈಲಹೊಂಗಲ, ಸವದತ್ತಿಗಳ ಎರೆಭೂಮಿ ಹತ್ತಿಯ ತವರು. ಈ ಕಡೆಯ ಅರಳೆ ಕುಮಟಾ ಬಂದರಿನಿಂದ ಸಾಗುತ್ತಿದ್ದುದರಿಂದ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಚಿತ್ರಪಟದ ಕಬ್ಬಿಣದ ಕವಚಕ್ಕಿಂತ ಹತ್ತಿಯ ದಗಲೆ ಈ ಮಣ್ಣಿಗೆ ಹತ್ತಿರದ್ದು.

ರಾಯಣ್ಣನ ವಿಷಯದಲ್ಲಂತೂ ಜರಿಯಂಗಿ ಇನ್ನಷ್ಟು ದೂರದ ಮಾತು. ಕುರುಬ ಮನೆತನದವನೂ ಕಾಡುಮೇಡುಗಳಲ್ಲಿ ಕಾದಾಡಿದವನೂ ಆದ ಆತನಿಗೆ ಕಂಬಳಿಯೇ ಸಹಜ ಮೇಲುಡುಪು. ದಖನಿ ಕುರಿಯ ಕಪ್ಪು ಉಣ್ಣೆಯಿಂದ ನೇಯ್ದು ಹುಣಸೆಬೀಜದ ಗಂಜಿಯಿಂದ ಬಿಗಿಗೊಳಿಸಿದ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೇರಿಸಿಕೊಂಡರೆ ಮಳೆಗೂ ಅದೇ, ಹಾಸಿಗೆಗೂ ಅದೇ. ಇದಕ್ಕೆ ಸೂಜಿಯೂ ಬೇಡ, ಕತ್ತರಿಯೂ ಬೇಡ. ಉತ್ಸವದ ಉಡುಪಿನ ಖರ್ಚಿನಲ್ಲಿ ಉಳಿತಾಯ ಬಯಸುವವರು ಇದನ್ನಾದರೂ ಗಮನಿಸಬಹುದು.

ದಗಲೆಯ ಹೊಲಿಗೆಯ ನಂಟು ಈಗ ಉಳಿದಿರುವುದು ಕೌದಿಯಲ್ಲಿ. ಸವದತ್ತಿ, ರಾಮದುರ್ಗದ ಹಳ್ಳಿಗಳ ಹೆಣ್ಣುಮಕ್ಕಳು ಹಳೆಯ ಬಟ್ಟೆಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ನಡುವಿನತ್ತ ಓಟದ ಟಾಕು ಹಾಕುತ್ತಾ ಹೋಗುವ ಕ್ರಮ, ಅರಳೆಯೊಂದನ್ನು ಬಿಟ್ಟರೆ, ದಗಲೆಯದೇ ಕ್ರಮ. ಆದರೆ ಇಲ್ಲೊಂದು ಸಂಕಟವಿದೆ. ಮನೆಯ ಹಿರಿಯ ತೀರಿಕೊಂಡ ಮೇಲೆ ಅವನ ಕಸೆಯಂಗಿ ತುಂಡಾಗಿ ಸೇರುವುದೂ ಇದೇ ಕೌದಿಗೆ. ಒಂದು ಹೊಲಿಗೆ ಉಳಿಯುವಾಗ ಇನ್ನೊಂದರ ಕತ್ತರಿಕೆ ಅಳಿಯುತ್ತದೆ. ಟ್ರಂಕಿನಲ್ಲಿ ಅಂತಹ ಅಂಗಿ ದೊರೆತರೆ, ಅದು ಕೌದಿಗೆ ಹೋಗುವ ಮುನ್ನ ಅದರ ಪಟ್ಟಿ, ಕಳಿ ಮತ್ತು ಕಂಕುಳ ಚೌಕವನ್ನು ಕಾಗದದ ಮೇಲೆ ಅಳತೆಸಹಿತ ಗುರುತಿಸಬೇಕು. ಕಸೆಗಳೆಷ್ಟು, ಯಾವ ಮಗ್ಗುಲಿಗೆ, ಕೈಹೊಲಿಗೆಯೋ ಯಂತ್ರದ್ದೋ ಎಂಬುದನ್ನು ಬರೆದುಕೊಳ್ಳಬೇಕು. ಮುಂದಿನ ಅಕ್ಟೋಬರಿನ ಮೆರವಣಿಗೆಗೆ ಬಟ್ಟೆ ಕತ್ತರಿಸುವ ದರ್ಜಿಯ ಕೈಗೆ ಕೊಡಬೇಕಾದದ್ದು ಆ ಕಾಗದವನ್ನು.