ಒದ್ದಾಡುವ ಲ್ಯಾಪ್‌ಟಾಪು: ಮ್ಯಾಂಚೆಸ್ಟರಿನ ಡ್ರಮ್ಮಿನಿಂದ ಚೆನ್ನೈನ ರಿಚ್ಚಿ ಸ್ಟ್ರೀಟಿನವರೆಗೆ

ಇದು ಈ ವಾರದ ಮಾತಿನ ಬರಹರೂಪ. ವಿಡಿಯೋದಲ್ಲಿ ಅವಸರಕ್ಕೆ ಬಿಟ್ಟುಹೋದ ಒಂದೆರಡು ಸಂಗತಿಗಳನ್ನ ಇಲ್ಲಿ ಸೇರಿಸಿದ್ದೀನಿ.

ಹಳೇ ಲ್ಯಾಪ್‌ಟಾಪ್ ಪದೇ ಪದೇ ಹ್ಯಾಂಗ್ ಆದ್ರೆ ನಾವೆಲ್ಲ ಹೇಳೋ ಮಾತು ಒಂದೇ: "ವಯಸ್ಸಾಯ್ತು ಬಿಡಿ." ಮನುಷ್ಯರಿಗೆ ಮಂಡಿ ಸವೆಯೋ ಹಾಗೆ ಅದಕ್ಕೂ ಏನೋ ಸವೆದಿದೆ ಅನ್ನೋ ಲೆಕ್ಕ. ಸವೆಯೋ ಭಾಗಗಳು ಇವೆ, ಇಲ್ಲ ಅಂತಲ್ಲ. ಆದರೆ ನಾನು ನೋಡಿದ ಹ್ಯಾಂಗುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಸವೆತ ಅಲ್ಲ. ಆ ಯಂತ್ರ ಮಾರಾಟವಾದ ದಿನವೇ ಯಾರೋ ಹಾಕಿದ್ದ ಒಂದು ಮಿತಿ. ಆ ಮಿತಿಗೆ ಅರವತ್ತು ವರ್ಷದ ಇತಿಹಾಸ ಇದೆ, ಅದರಲ್ಲಿ ಒಂದಿಷ್ಟು ನಮ್ಮ ಚೆನ್ನೈನಲ್ಲೇ ನಡೆದಿದೆ.

ಮೊದಲು ಇಂಗ್ಲೆಂಡಿಗೆ ಹೋಗಿ ಬರೋಣ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1962ರ ಡಿಸೆಂಬರಿನಲ್ಲಿ ಅಟ್ಲಾಸ್ ಅನ್ನೋ ಕಂಪ್ಯೂಟರ್ ಶುರುವಾಯ್ತು. ಟಾಮ್ ಕಿಲ್ಬರ್ನ್ ಅವರ ತಂಡದ ಕೆಲಸ. ಅದರ ವೇಗದ ಮೆಮೊರಿ ಬರೀ 16 ಸಾವಿರ ಚಿಲ್ಲರೆ ಪದಗಳಷ್ಟು. ಜೊತೆಗೆ ತಿರುಗೋ ಕಾಂತೀಯ ಡ್ರಮ್ಮುಗಳಿದ್ವು, ಅವುಗಳಲ್ಲಿ ಅದರ ಆರು ಪಟ್ಟು ಜಾಗ, ಆದರೆ ನಿಧಾನ. ಅವರು ಮಾಡಿದ ಚಮತ್ಕಾರ ಏನು ಗೊತ್ತಾ? ಎರಡೂ ಸೇರಿ ಒಂದೇ ದೊಡ್ಡ ಮೆಮೊರಿ ಅಂತ ಪ್ರೋಗ್ರಾಮಿಗೆ ಕಾಣೋ ಹಾಗೆ ಮಾಡಿದ್ರು. ಬೇಕಾದ ತುಂಡನ್ನ ಡ್ರಮ್ಮಿಂದ ಒಳಗೆ ತರೋದು, ಬೇಡವಾದ್ದನ್ನ ಹೊರಗೆ ಹಾಕೋದು, ಎಲ್ಲ ಯಂತ್ರವೇ ನೋಡ್ಕೊಳ್ತಿತ್ತು. ವರ್ಚುವಲ್ ಮೆಮೊರಿ ಅಂತೀವಲ್ಲ, ಅದರ ಹುಟ್ಟು ಅಲ್ಲಿ.

ನಮ್ಮ ಅಡುಗೆಮನೆ ನೆನಪಿಸಿಕೊಳ್ಳಿ. ಒಲೆ ಪಕ್ಕದ ಕಟ್ಟೆ ಅಂದ್ರೆ ರ್‍ಯಾಮ್. ಮೇಲಿನ ಅಟ್ಟ ಅಂದ್ರೆ ಡಿಸ್ಕ್. ಹಬ್ಬಕ್ಕೊಮ್ಮೆ ಬೇಕಾಗೋ ಚಕ್ಕುಲಿ ಒರಳು ಅಟ್ಟದಲ್ಲಿದ್ರೆ ತೊಂದರೆ ಇಲ್ಲ. ಆದರೆ ಕಟ್ಟೆ ತೀರಾ ಚಿಕ್ಕದಾಗಿ, ಸಾಸಿವೆ ಡಬ್ಬಿಗೂ ಏಣಿ ಹತ್ತಬೇಕು, ಅದನ್ನ ಇಡೋಕೆ ಉಪ್ಪಿನ ಡಬ್ಬಿಯನ್ನ ಮೇಲೆ ಹಾಕಬೇಕು, ಮರುಕ್ಷಣ ಉಪ್ಪಿಗೆ ಮತ್ತೆ ಏಣಿ ಅಂದ್ರೆ? ಇಡೀ ದಿನ ಏಣಿ ಹತ್ತಿ ಇಳಿಯೋದೇ ಆಯ್ತು, ಸಾರು ಮಾತ್ರ ಆಗಲಿಲ್ಲ.

1960ರ ದಶಕದಲ್ಲಿ ಒಂದೇ ಕಂಪ್ಯೂಟರನ್ನ ಹಲವರು ಹಂಚಿಕೊಂಡು ಬಳಸೋಕೆ ಶುರು ಮಾಡಿದಾಗ ಹೀಗೇ ಆಯ್ತು. ಹತ್ತು ಜನರ ತನಕ ಸರಿಯಾಗಿ ಓಡ್ತಿದ್ದ ಯಂತ್ರ ಹನ್ನೊಂದನೆಯವರು ಬಂದ ಕೂಡಲೇ ಸ್ವಲ್ಪ ನಿಧಾನ ಆಗ್ತಿರಲಿಲ್ಲ, ಪೂರ್ತಿ ಕುಸಿದು ಕೂರ್ತಿತ್ತು. ಎಂಐಟಿಯಲ್ಲಿ ಸಂಶೋಧನೆ ಮಾಡಿದ ಪೀಟರ್ ಡೆನಿಂಗ್ 1968ರಲ್ಲಿ ಇದನ್ನ ಬಿಡಿಸಿ ಹೇಳಿದ್ರು. ಪ್ರತಿ ಪ್ರೋಗ್ರಾಮಿಗೂ ಸದ್ಯಕ್ಕೆ ಕೈಯಳತೆಯಲ್ಲಿ ಬೇಕಾದ ಒಂದು ಗುಂಪು ತುಂಡುಗಳಿರ್ತವೆ. ಎಲ್ಲರ ಗುಂಪುಗಳೂ ಸೇರಿ ಮೆಮೊರಿಗಿಂತ ದೊಡ್ಡದಾದ ಕ್ಷಣದಿಂದ ಯಂತ್ರ ಕೆಲಸ ಬಿಟ್ಟು ತರೋದು-ಹಾಕೋದರಲ್ಲೇ ಮುಳುಗುತ್ತೆ. ಈ ಸ್ಥಿತಿಗೆ ಥ್ರ್ಯಾಶಿಂಗ್ ಅನ್ನೋ ಹೆಸರಿದೆ. ಕನ್ನಡದಲ್ಲಿ ನಾನು ಒದ್ದಾಟ ಅಂತೀನಿ, ನೀರಿಂದ ಹೊರಗೆ ಬಿದ್ದ ಮೀನಿನ ಒದ್ದಾಟ.

ಈ ಹೋಲಿಕೆ ಎಷ್ಟು ಕ್ರೂರ ಅಂತ ತಿಳಿಯೋಕೆ ಒಂದು ಲೆಕ್ಕ. ರ್‍ಯಾಮಿಂದ ಒಂದು ತುಂಡು ತರೋಕೆ ಸುಮಾರು 100 ನ್ಯಾನೋಸೆಕೆಂಡ್. ತಿರುಗೋ ಹಾರ್ಡ್ ಡಿಸ್ಕಿಂದ ತರೋಕೆ ಸುಮಾರು 10 ಮಿಲಿಸೆಕೆಂಡ್. ಅಂದ್ರೆ ಒಂದು ಲಕ್ಷ ಪಟ್ಟು. ರ್‍ಯಾಮಿನ ಕೆಲಸಕ್ಕೆ ಒಂದು ಸೆಕೆಂಡು ಅಂತಿಟ್ಟುಕೊಂಡ್ರೆ ಡಿಸ್ಕಿಗೆ ಒಂದು ದಿನಕ್ಕಿಂತ ಜಾಸ್ತಿ. ಪರದೆ ಹೆಪ್ಪುಗಟ್ಟಿದ ಹಾಗೆ ಕಾಣೋದು ಇದಕ್ಕೇ. ಯಂತ್ರ ಸತ್ತಿಲ್ಲ, ಏಣಿ ಮೇಲಿದೆ.

ಈಗ ಮದರಾಸಿಗೆ ಬನ್ನಿ. ಐಐಟಿ ಮದ್ರಾಸಿಗೆ 1973ರಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ ಐಬಿಎಂ 370/155 ಬಂತು. ವಿದ್ಯಾರ್ಥಿಗಳು ತೂತು ಹೊಡೆದ ಕಾರ್ಡುಗಳ ಕಟ್ಟು ಕೊಟ್ಟು ಫಲಿತಾಂಶಕ್ಕೆ ಕಾಯ್ತಿದ್ದ ಕಾಲ. ಅದಕ್ಕೆ ಒಂದು ವರ್ಷ ಮೊದಲು, 1972ರ ಆಗಸ್ಟಿನಲ್ಲಿ, ಐಬಿಎಂ ತನ್ನ 370 ಸರಣಿಗೆ ವರ್ಚುವಲ್ ಮೆಮೊರಿ ಬಂತು ಅಂತ ದೊಡ್ಡದಾಗಿ ಸಾರಿತ್ತು. ಆದರೆ 155 ಮಾದರಿ ಅದಕ್ಕಿಂತ ಹಿಂದಿನದು. ಅದಕ್ಕೆ ಆ ಸೌಲಭ್ಯ ಬೇಕು ಅಂದ್ರೆ ದುಬಾರಿ ಪೆಟ್ಟಿಗೆಯೊಂದನ್ನ ಬೇರೆಯಾಗಿ ಕೊಂಡು ಜೋಡಿಸಬೇಕಿತ್ತು. ಜಗತ್ತಿನ ಬೇರೆ ಕಡೆ 155 ಕೊಂಡ ಗಿರಾಕಿಗಳು ಸಿಟ್ಟಾಗಿದ್ದು ಸಹಜ. ಎರಡು ವರ್ಷದ ಹಿಂದೆ ಕೊಂಡ ಯಂತ್ರ ಒಂದು ಪ್ರಕಟಣೆಯಿಂದ ಹಳತಾಯ್ತು. ಒಂದು ಸ್ಕ್ರೂ ಕೂಡ ಸವೆದಿರಲಿಲ್ಲ. ಈ ಮಾತು ನೆನಪಲ್ಲಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತೆ.

ಅಲ್ಲಿಂದ 2011ಕ್ಕೆ ಜಿಗಿಯೋಣ. ಸೆಪ್ಟೆಂಬರ್ 15, ಅಣ್ಣಾದುರೈ ಜನ್ಮದಿನ. ತಿರುವಳ್ಳೂರು ಜಿಲ್ಲೆಯ ಕಾಕ್ಕಳೂರಿನಲ್ಲಿ ಮುಖ್ಯಮಂತ್ರಿ ಜಯಲಲಿತಾ ಮಿಕ್ಸಿ, ಗ್ರೈಂಡರ್, ಫ್ಯಾನುಗಳ ಜೊತೆ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಯೋಜನೆ ಶುರು ಮಾಡಿದ್ರು. ಖರೀದಿ ಮಾಡಿದ್ದು ಎಲ್ಕಾಟ್, ಅಂದ್ರೆ ತಮಿಳುನಾಡು ಎಲೆಕ್ಟ್ರಾನಿಕ್ಸ್ ನಿಗಮ. ಮೊದಲ ವರ್ಷದ ಗುರಿಯೇ 9 ಲಕ್ಷಕ್ಕೂ ಹೆಚ್ಚು. ಮುಂದಿನ ಎಂಟೊಂಬತ್ತು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ ಕೋಟಿ ಲ್ಯಾಪ್‌ಟಾಪು ಹಂಚಿಕೆ ಆಯ್ತು. ಇದನ್ನ ಬರೀ ಓಟಿನ ಆಟ ಅಂತ ನಗೋರನ್ನ ನೋಡಿದ್ದೀನಿ. ಓಟಿಗಾಗಿ ಕೊಟ್ಟಿರಬಹುದು. ಆದರೆ ಮನೆಗೆ ಮೊದಲ ಕಂಪ್ಯೂಟರ್ ಬಂದ ದಿನವನ್ನ ಆ ಮನೆಯವರ ಬಾಯಲ್ಲಿ ಕೇಳಿದ ಮೇಲೆ ನನಗೆ ನಗು ಬರಲ್ಲ.

ನಮ್ಮ ಬೀದಿಯ ಕೊನೆಗೆ ಇಸ್ತ್ರಿ ಗಾಡಿ ಇಟ್ಟಿರೋರೊಬ್ಬರಿದ್ದಾರೆ. ಅವರ ಮಗನಿಗೆ 2012ರಲ್ಲಿ ಅಂಥದ್ದೊಂದು ಸಿಕ್ಕಿತ್ತು. ಅವನು ಓದಿ ಕೆಲಸಕ್ಕೆ ಹೋದ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಲ್ಯಾಪ್‌ಟಾಪು ಬೀರುವಿಂದ ಹೊರಗೆ ಬಂದು ತಂಗಿಯ ಪಾಲಾಯ್ತು. ಹೋದ ವರ್ಷ ಅವಳು ಬಿ.ಕಾಂ. ಕೊನೇ ವರ್ಷ. ಒಂದು ಸಂಜೆ ಅಪ್ಪನ ಜೊತೆ ಬಂದ್ಲು. "ಅಂಕಲ್, ಪ್ರಾಜೆಕ್ಟ್ ಒಪ್ಪಿಸೋಕೆ ಆರು ದಿನ ಇದೆ. ಟೈಪ್ ಮಾಡ್ತಾ ಇದ್ದ ಹಾಗೇ ನಿಂತುಬಿಡುತ್ತೆ. ಆಫ್ ಮಾಡಿ ಆನ್ ಮಾಡಿದ್ರೆ ಬರೆದಿದ್ದೆಲ್ಲ ಹೋಗಿರುತ್ತೆ." ಅಂಗಡಿಯೊಂದರಲ್ಲಿ ಮದರ್‌ಬೋರ್ಡ್ ಹೋಗಿದೆ, ಸೆಕೆಂಡ್ ಹ್ಯಾಂಡ್ ಒಂದು ಕೊಡ್ತೀವಿ, ಹದಿನಾಲ್ಕು ಸಾವಿರ ಅಂದಿದ್ರಂತೆ. ಅಪ್ಪ ಏನೂ ಮಾತಾಡಲಿಲ್ಲ. ಜೊತೆಗೆ ಬಂದಿದ್ದೇ ಮಾತಾಗಿತ್ತು.

ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದ್ದು ಕ್ಯಾಪ್ಸ್ ಲಾಕ್ ಗುಂಡಿಯನ್ನ. ಪರದೆ ನಿಂತಾಗ ಅದನ್ನ ಒತ್ತಿ. ದೀಪ ತಡವಾಗಿಯಾದ್ರೂ ಹತ್ತಿ ಆರಿದ್ರೆ ಯಂತ್ರದ ಮಿದುಳು ಜೀವಂತ ಇದೆ, ಎಲ್ಲೋ ಕಾಯ್ತಿದೆ ಅಂತ. ದೀಪ ಕದಲದೆ, ಹಾಡಿನ ಒಂದೇ ಚೂರು "ರ್ರ್ರ್" ಅಂತ ಸಿಕ್ಕಿಹಾಕಿಕೊಂಡ್ರೆ ಅದು ಬೇರೆ ಜಾತಿ: ಕೆಟ್ಟ ರ್‍ಯಾಮ್, ಬೋರ್ಡು, ಇಲ್ಲಾ ಡ್ರೈವರ್ ತಕರಾರು. ಇಲ್ಲಿ ದೀಪ ಹತ್ತಿತು. ಅಂಗಡಿಯವರ ಮದರ್‌ಬೋರ್ಡ್ ಮಾತಿನ ಮೇಲೆ ನನಗೆ ಆಗಲೇ ಅನುಮಾನ ಬಂತು.

ಆಮೇಲೆ ಬಿಸಿ. ಮೇ ತಿಂಗಳ ಅಗ್ನಿ ನಕ್ಷತ್ರದಲ್ಲಿ, ತಮಿಳಿನವರು ಕತ್ತರಿ ವೆಯಿಲ್ ಅಂತಾರೆ, ಚೆನ್ನೈನ ಮನೆಯೊಳಗೇ ಲ್ಯಾಪ್‌ಟಾಪಿಗೆ ಉಸಿರು ಕಟ್ಟುತ್ತೆ. ಫ್ಯಾನಿನ ಬಾಯಲ್ಲಿ ಧೂಳು ಕಂಬಳಿಯ ಹಾಗೆ ಕೂತಿರುತ್ತೆ, ಪ್ರೊಸೆಸರ್ ಮೇಲಿನ ಪೇಸ್ಟು ಒಣಗಿ ಸುಣ್ಣ ಆಗಿರುತ್ತೆ. ಆದರೆ ಬಿಸಿಯಾದ ಪ್ರೊಸೆಸರ್ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತೆ, ಮಿತಿ ಮೀರಿದ್ರೆ ಪಟ್ಟಂತ ಆಫ್ ಆಗುತ್ತೆ. ಇಲ್ಲಿ ಹಾಗಾಗ್ತಿರಲಿಲ್ಲ. ಬೆಳಗಿನ ಜಾವದ ತಂಪಲ್ಲೂ ನಿಲ್ತಿತ್ತು. ಧೂಳು ತೆಗೆದೆ, ಅಷ್ಟೆ.

ಟಾಸ್ಕ್ ಮ್ಯಾನೇಜರ್ ತೆರೆದ್ರೆ ಕಥೆ ಎದುರಿಗೇ ಇತ್ತು. ಮೆಮೊರಿ 94 ಪರ್ಸೆಂಟ್, ಡಿಸ್ಕ್ 100 ಪರ್ಸೆಂಟ್, ಪ್ರೊಸೆಸರ್ ಮಾತ್ರ ಆರಾಮಾಗಿ 12. ವಿಂಡೋಸ್ 10 ಓಡ್ತಿತ್ತು, ಬ್ರೌಸರಿನಲ್ಲಿ ಐದು ಟ್ಯಾಬು, ಪಕ್ಕದಲ್ಲಿ ವರ್ಡ್ ಫೈಲು. ರ್‍ಯಾಮ್ 2 ಜಿಬಿ. ಡೆನಿಂಗ್ 1968ರಲ್ಲಿ ಬಿಡಿಸಿ ಹೇಳಿದ ಒದ್ದಾಟವೇ ಇದು, ಹನ್ನೊಂದನೆಯ ಬಳಕೆದಾರನ ಜಾಗದಲ್ಲಿ ಐದನೇ ಟ್ಯಾಬು ಕೂತಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ತಳದ ಮುಚ್ಚಳ ಬಿಚ್ಚಿದ್ರೆ ರ್‍ಯಾಮಿಗೆ ಎರಡು ಸ್ಲಾಟು. ಒಂದರಲ್ಲಿ 2 ಜಿಬಿ. ಇನ್ನೊಂದು ಹನ್ನೆರಡು ವರ್ಷದಿಂದ ಖಾಲಿ. ಯಾಕೆ ಯಾರೂ ತುಂಬಲಿಲ್ಲ? ಅಣ್ಣನನ್ನ ಕೇಳಿದ್ರೆ ತಿಳೀತು. ಮೊದಲು ಬಂದಾಗ ಇದರಲ್ಲಿ ಎರಡು ವ್ಯವಸ್ಥೆ ಇದ್ವು: ವಿಂಡೋಸ್ 7 ಸ್ಟಾರ್ಟರ್ ಮತ್ತು ಬಾಸ್ ಲಿನಕ್ಸ್. ಸ್ಟಾರ್ಟರ್ ಅನ್ನೋದು ಮೈಕ್ರೋಸಾಫ್ಟಿನ ಅಗ್ಗದ ಆವೃತ್ತಿ. 2 ಜಿಬಿಗಿಂತ ಹೆಚ್ಚು ರ್‍ಯಾಮನ್ನ ಅದು ಬಳಸೋದೇ ಇಲ್ಲ. ತಾಂತ್ರಿಕ ಅಡ್ಡಿ ಏನೂ ಅಲ್ಲ, ದುಬಾರಿ ಆವೃತ್ತಿ ಮಾರಬೇಕಲ್ಲ, ಅದಕ್ಕೆ ಹಾಕಿದ ಬೇಲಿ. ಹಾಗಾಗಿ ಆ ಖಾಲಿ ಸ್ಲಾಟಿಗೆ ಚಿನ್ನ ಹಾಕಿದ್ರೂ ಪ್ರಯೋಜನ ಇರ್ತಿರಲಿಲ್ಲ. 370/155ರ ಗಿರಾಕಿಗಳಿಗೆ ಪೆಟ್ಟಿಗೆ ಬೇಕಿತ್ತು, ಇಸ್ತ್ರಿಯವರ ಮಗನಿಗೆ ಇನ್ನೊಂದು ಲೈಸೆನ್ಸು ಬೇಕಿತ್ತು. ಆಮೇಲೆ ಯಾರೋ ವಿಂಡೋಸ್ 10 ಹಾಕಿಕೊಟ್ಟಾಗ ಬೇಲಿ ಹೋಯ್ತು. ಸ್ಲಾಟು ಖಾಲಿ ಇದೆ ಅನ್ನೋದು ಆಗ ಯಾರಿಗೂ ನೆನಪಿರಲಿಲ್ಲ.

ಇನ್ನು ಬಾಸ್. ಅದು ಚೆನ್ನೈದೇ ಕೂಸು. ಸಿ-ಡ್ಯಾಕ್‌ನ ಚೆನ್ನೈ ಕೇಂದ್ರದವರು ಡೆಬಿಯನ್ ಆಧಾರದ ಮೇಲೆ ಕಟ್ಟಿ 2007ರಲ್ಲಿ ಬಿಡುಗಡೆ ಮಾಡಿದ್ದು. ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳಿಗೆ ಬೆಂಬಲ ಇತ್ತು. ಅದಕ್ಕೆ 2 ಜಿಬಿ ಬೇಲಿ ಇರಲಿಲ್ಲ. ಆದರೆ ಹುಡುಗರಿಗೆ ಬೇಕಾದ ಆಟ, ಕಾಲೇಜಿಗೆ ಬೇಕಾದ ಸಾಫ್ಟ್‌ವೇರು ಎಲ್ಲ ವಿಂಡೋಸಿನದ್ದು. ಅಣ್ಣ ಅದನ್ನ ಎರಡು ಸಲ ತೆರೆದು ನೋಡಿದ್ದನಂತೆ.

ನಾನು ಮೊದಲು ಮಾಡಿದ್ದು ರಿಪೇರಿ ಅಲ್ಲ, ಅವಳ ಕಡತಗಳ ನಕಲು. ಯಾಕಂದ್ರೆ ಹಾರ್ಡ್ ಡಿಸ್ಕಿನ ಆರೋಗ್ಯ ತೋರಿಸೋ ಸ್ಮಾರ್ಟ್ ಪಟ್ಟಿಯಲ್ಲಿ ಓದೋಕೆ ಬಾರದೆ ಬಾಕಿ ಉಳಿದ ಸೆಕ್ಟರುಗಳ ಲೆಕ್ಕ ಸೊನ್ನೆ ಇರಲಿಲ್ಲ. ಡಿಸ್ಕ್ ಕೆಟ್ಟ ಜಾಗವನ್ನ ಓದೋಕೆ ಮತ್ತೆ ಮತ್ತೆ ಯತ್ನಿಸುತ್ತೆ, ಅಷ್ಟು ಹೊತ್ತೂ ಉಳಿದವರೆಲ್ಲ ಸಾಲಲ್ಲಿ ಕಾಯಬೇಕು. ಒದ್ದಾಟದಲ್ಲಿ ಹಗಲೂ ರಾತ್ರಿ ದುಡಿಸಿಕೊಂಡ ಡಿಸ್ಕು ಅದು. ಇದು ಮಾತ್ರ ನಿಜವಾದ ಸವೆತ. ನಿಮ್ಮ ಯಂತ್ರದಲ್ಲೂ ಆ ಲೆಕ್ಕ ಏರ್ತಿದ್ರೆ ಫಾರ್ಮ್ಯಾಟ್ ಮಾಡ್ತಾ ಕೂರಬೇಡಿ, ಮೊದಲು ನಕಲು ತಗೊಳ್ಳಿ.

ಮರುದಿನ ರಿಚ್ಚಿ ಸ್ಟ್ರೀಟು. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಅಂದ್ರೆ ಅರ್ಥ ಆಗುತ್ತೆ. ಮೌಂಟ್ ರೋಡಿನ ಹಿಂದೆ, ಕ್ಯಾಸಿನೋ ಥಿಯೇಟರ್ ಹತ್ತಿರ, ನರಸಿಂಗಪುರಂ ಬೀದಿಯ ಜೊತೆ ಹೆಣೆದುಕೊಂಡಿರೋ ಗಲ್ಲಿ. ರೇಡಿಯೋ, ಟ್ರಾನ್ಸಿಸ್ಟರ್ ಬಿಡಿಭಾಗಗಳ ಕಾಲದಿಂದ ಬೆಳೆದು ಕಂಪ್ಯೂಟರಿಗೆ ಹೊರಳಿದ ಪೇಟೆ. ನಾಲ್ಕಡಿ ಅಂಗಡಿಯ ಹುಡುಗ ಲ್ಯಾಪ್‌ಟಾಪಿನ ಮುಚ್ಚಳದ ಮೇಲಿನ ಸರ್ಕಾರಿ ಮುದ್ರೆ ನೋಡಿ ನಕ್ಕ. "ಗೌರ್ಮೆಂಟ್ ಪೀಸಾ ಸಾರ್? ಇದನ್ನ ಕಣ್ಣು ಮುಚ್ಚಿ ಬಿಚ್ತೀನಿ." ಬಡಾಯಿ ಅಲ್ಲ. ಒಂದೇ ತರಹದ ಯಂತ್ರಗಳು ಲಕ್ಷಗಟ್ಟಲೆ ಒಂದೇ ರಾಜ್ಯದಲ್ಲಿದ್ರೆ ಬಿಡಿಭಾಗವೂ ಸಿಗುತ್ತೆ, ಬಿಚ್ಚೋ ಕೈಯೂ ಪಳಗುತ್ತೆ. ಯೋಜನೆ ಬರೆದವರು ಇದನ್ನ ಯೋಚಿಸಿರಲಾರರು, ಆದರೆ ಅದರ ಅತ್ಯಂತ ಒಳ್ಳೇ ಫಲ ಇದೇ ಅಂತ ನನ್ನ ಅಭಿಪ್ರಾಯ.

ಅವನು ಹಳೇ 4 ಜಿಬಿ ಡಿಡಿಆರ್3 ಒಂದನ್ನ ತೆಗೆದು, ಅದರ ಹೊಂಬಣ್ಣದ ಅಂಚನ್ನ ಶಾಲೆ ಮಕ್ಕಳ ರಬ್ಬರಿಂದ ಉಜ್ಜಿದ. ಕಡಲ ಗಾಳಿಯ ಊರಲ್ಲಿ ಆ ಅಂಚು ಮಂಕಾಗುತ್ತೆ, ಅದಕ್ಕೆ ರಬ್ಬರೇ ಮದ್ದು. "ತಂಬಿ, ಮೆಮ್‌ಟೆಸ್ಟ್ ಓಡಿಸಿ ತೋರಿಸಪ್ಪಾ" ಅಂದೆ, ಬೇಜಾರಿಲ್ಲದೆ ಓಡಿಸಿದ. ಹಾರ್ಡ್ ಡಿಸ್ಕ್ ಜಾಗಕ್ಕೆ ಸಣ್ಣದೊಂದು ಎಸ್‌ಎಸ್‌ಡಿ. ತಿರುಗೋ ಭಾಗ ಇಲ್ಲದ್ದರಿಂದ ಆ ಲಕ್ಷ ಪಟ್ಟಿನ ಅಂತರ ಸಾವಿರ ಪಟ್ಟಿಗೆ ಇಳಿಯುತ್ತೆ. ಒದ್ದಾಡಿದ್ರೂ ಬೇಗ ಸುಧಾರಿಸಿಕೊಳ್ಳುತ್ತೆ. ಎಲ್ಲ ಸೇರಿ ಎರಡು ಸಾವಿರ ಚಿಲ್ಲರೆ. ಪ್ರಾಜೆಕ್ಟ್ ಐದನೇ ದಿನ ಮುಗೀತು, ಒಪ್ಪಿಸಿದ್ಲು.

ಇನ್ನೊಂದು ಅಲೆ ಈಗ ಬಂದಿದೆ. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಾಗ, 7ಕ್ಕೆ 2020ರ ಜನವರಿ 14ಕ್ಕೆ ನಿಂತಾಗ ಕೂಡ ಓಡೋ ಯಂತ್ರಗಳು ಹಳತಾದ್ವು. ವಿಂಡೋಸ್ 10ರ ಸರದಿ 2025ರ ಅಕ್ಟೋಬರ್ 14ಕ್ಕೆ ಬಂತು. ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್ ಸಾಕು ಅಂತಾರೆ, ಆದರೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಮತ್ತು ಅವರ ಪಟ್ಟಿಯಲ್ಲಿರೋ ಪ್ರೊಸೆಸರ್ ಬೇಕು. 2012ರ ಯಂತ್ರ ಆ ಪಟ್ಟಿಯ ಹತ್ತಿರಕ್ಕೂ ಬರಲ್ಲ. ಅವಳ ಲ್ಯಾಪ್‌ಟಾಪಿಗೆ ಈಗ ಡೆಬಿಯನ್ ಹಾಕಿದ್ದೀವಿ, ಬಾಸ್ ಹುಟ್ಟಿದ ಅದೇ ಬೇರು. ಕೆಲಸದ ಅರ್ಜಿಗಳೆಲ್ಲ ಅದರಲ್ಲೇ ಹೋಗ್ತಿವೆ.

ಮುಂದಿನ ವಾರ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗೋಣ. ಸಾದರ್ ಪತ್ರಪ್ಪ ಯಾರು ಅನ್ನೋದರಿಂದ ಶುರು ಮಾಡ್ತೀನಿ.